ಸೀಮಿತ ಓವರ್ ಕ್ರಿಕೆಟ್‌ನ ಗಣಿತ ಮಾದರಿಗಳು

ಇನಿಂಗ್ಸಿನ ಯಾವ ಹಂತದಲ್ಲಿ ಎಷ್ಟು ಬಿರುಸಾಗಿ ಆಡಬೇಕು, ರನ್ನಿನ ಆಸೆಗೆ ವಿಕೆಟನ್ನು ಎಷ್ಟರಮಟ್ಟಿಗೆ ಪಣಕ್ಕಿಡಬಹುದು ಎಂಬುದನ್ನು ಲೆಕ್ಕದಿಂದ ಕಂಡುಕೊಳ್ಳುವ ವಿಧಾನಗಳು. ಸಂಖ್ಯಾಶಾಸ್ತ್ರಜ್ಞರಿಗೆ ಕ್ರಿಕೆಟ್‌ನ ನಂಟು ಹಳೆಯದು. ಬ್ಯಾಟರ್‌ಗಳ ಸ್ಕೋರುಗಳು ಹೇಗೆ ಹಂಚಿಕೆಯಾಗುತ್ತವೆ ಎಂದು ಎಲ್ಡರ್ಟನ್ ಮತ್ತು ವುಡ್ 1945ರಲ್ಲೇ ಬರೆದಿದ್ದರು. ಆದರೆ ಅದು ಆಡಿ ಮುಗಿದ ಆಟದ ವಿವರಣೆ.

ಹೇಗೆ ಆಡಬೇಕು ಎಂದು ಕೇಳಿದವರು ಮೆಲ್ಬರ್ನ್‌ನ ಸ್ಟೀಫನ್ ಕ್ಲಾರ್ಕ್. 1988ರ ಅವರ ಪ್ರಬಂಧ ಇನಿಂಗ್ಸನ್ನು ಕೊನೆಯಿಂದ ಹಿಂದಕ್ಕೆ ಬಿಡಿಸುತ್ತದೆ. ಕೊನೆಯ ಎಸೆತದಲ್ಲಿ ವಿಕೆಟ್ ಕಾಯ್ದು ಪ್ರಯೋಜನವಿಲ್ಲ, ಬೀಸುವುದೇ ಸರಿ. ಆ ಎಸೆತದ ಬೆಲೆ ತಿಳಿದರೆ ಅದರ ಹಿಂದಿನದರ ಬೆಲೆ ತಿಳಿಯುತ್ತದೆ. ಹೀಗೆ 300 ಎಸೆತ, 10 ವಿಕೆಟ್‌ಗಳ ಒಂದೊಂದು ಜೋಡಣೆಗೂ ಸೂಕ್ತ ರನ್ ಗತಿ ದೊರೆಯುತ್ತದೆ. ಮೊದಲು ಬ್ಯಾಟ್ ಮಾಡುವ ತಂಡ ಆರಂಭದಲ್ಲೇ ಸರಾಸರಿಗಿಂತ ವೇಗವಾಗಿ ಆಡಲಿ, ವಿಕೆಟ್ ಬಿದ್ದರೆ ನಿಧಾನಿಸಲಿ ಎಂಬುದು ಉತ್ತರ. ವಿಕೆಟ್ ಉಳಿಸಿಕೊಂಡು ಕೊನೆಗೆ ಚಚ್ಚುವುದೇ ರೂಢಿಯಾಗಿದ್ದ ಕಾಲದಲ್ಲಿ ಇದು ತಲೆಕೆಳಗಾದ ಮಾತು. 1996ರ ವಿಶ್ವಕಪ್‌ನಲ್ಲಿ ಜಯಸೂರ್ಯ, ಕಲುವಿತರಣ ಮೊದಲ 15 ಓವರುಗಳ ಕ್ಷೇತ್ರರಕ್ಷಣೆಯ ನಿರ್ಬಂಧವನ್ನು ಬಳಸಿಕೊಂಡು ಹಾಗೆಯೇ ಆಡಿದರು. ಕಪ್ ಶ್ರೀಲಂಕಾ ಪಾಲಾಯಿತು.

ಮಾದರಿಗಳು ಮೈದಾನಕ್ಕಿಳಿದದ್ದು ಮಳೆಯ ಕೃಪೆಯಿಂದ. 1992ರ ವಿಶ್ವಕಪ್‌ನ ಸಿಡ್ನಿ ಸೆಮಿಫೈನಲ್‌ನಲ್ಲಿ 13 ಎಸೆತಕ್ಕೆ 22 ರನ್ ಬೇಕಿದ್ದ ದಕ್ಷಿಣ ಆಫ್ರಿಕಾಕ್ಕೆ ಮಳೆ ನಿಂತಾಗ ಆಗಿನ ನಿಯಮದಂತೆ ಉಳಿದದ್ದು ಒಂದೇ ಎಸೆತ. ಇಂಥ ಅನ್ಯಾಯ ತಪ್ಪಿಸಲು ಸಂಖ್ಯಾಶಾಸ್ತ್ರಜ್ಞರಾದ ಡಕ್ವರ್ತ್ ಮತ್ತು ಲೂಯಿಸ್ ಓವರು, ವಿಕೆಟ್ ಎರಡನ್ನೂ ಸೇರಿಸಿ ತಂಡದ 'ಸಂಪನ್ಮೂಲ' ಅಳೆದರು. ಅವರ ಕೋಷ್ಟಕದಲ್ಲಿ 25 ಓವರು ಬಾಕಿಯಿದ್ದು ಒಂದೂ ವಿಕೆಟ್ ಬಿದ್ದಿರದಿದ್ದರೆ ಉಳಿದಿರುವುದು ಅರ್ಧವಲ್ಲ, ಸುಮಾರು ಮೂರರಲ್ಲಿ ಎರಡು ಪಾಲು. 1997ರ ಜನವರಿ 1ರಂದು ಹರಾರೆಯಲ್ಲಿ ಜಿಂಬಾಬ್ವೆ–ಇಂಗ್ಲೆಂಡ್ ಪಂದ್ಯದಲ್ಲಿ ಇದರ ಮೊದಲ ಬಳಕೆಯಾಯಿತು. ಕೇರಳದ ಎಂಜಿನಿಯರ್ ವಿ. ಜಯದೇವನ್ ರೂಪಿಸಿದ ಪರ್ಯಾಯ ವಿಧಾನವನ್ನು 2002ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆ ಪ್ರಕಟಿಸಿತು.

ಕೋಷ್ಟಕ ಕೈಸೇರಿದ ಮೇಲೆ ಅದನ್ನು ಓದುವುದೂ ತಂತ್ರದ ಭಾಗವಾಯಿತು. 2003ರ ವಿಶ್ವಕಪ್‌ನಲ್ಲಿ, ಡರ್ಬನ್‌ನಲ್ಲಿ ಮಳೆ ಹನಿಯುತ್ತಿದ್ದಾಗ ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್ ಶ್ರೀಲಂಕಾದ ಮುರಳೀಧರನ್‌ರ ಎಸೆತವನ್ನು ಸಿಕ್ಸರ್‌ಗಟ್ಟಿ, 229 ಸಾಕೆಂಬ ಸಂದೇಶ ನಂಬಿ ಮುಂದಿನದನ್ನು ಸುಮ್ಮನೆ ತಡೆದರು. 229 ಸಮಬಲದ ಅಂಕಿ, ಗೆಲುವಿಗೆ ಇನ್ನೊಂದು ರನ್ ಬೇಕಿತ್ತು. ಪಂದ್ಯ ಟೈ ಆಗಿ ಆತಿಥೇಯರು ಟೂರ್ನಿಯಿಂದ ಹೊರಬಿದ್ದರು. ತಪ್ಪು ಸೂತ್ರದ್ದಲ್ಲ, ಕೋಷ್ಟಕ ಓದಿದವರದು.

2012ರಲ್ಲಿ ನ್ಯೂಜಿಲೆಂಡಿನ ಟಿವಿ ಪರದೆಗೆ ಬಂದ 'ವಾಸ್ಪ್' ಮಾದರಿ, ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಸ್ಕಾಟ್ ಬ್ರೂಕರ್ ಮತ್ತು ಶೇಮಸ್ ಹೋಗನ್ ಅವರದು. ಬೆನ್ನಟ್ಟುವ ತಂಡದ ಗೆಲುವಿನ ಸಂಭವವನ್ನು ಅದು ಶೇಕಡಾವಾರು ತೋರಿಸುತ್ತದೆ. ಲೆಕ್ಕವೆಲ್ಲ ಸರಾಸರಿ ತಂಡಗಳದ್ದು; ಕ್ರೀಸಿನಲ್ಲಿ ನಿಂತಿರುವವರು ಯಾರೆಂಬುದನ್ನು ಅದು ನೋಡುವುದಿಲ್ಲ.