ಆದಾಯ ತೆರಿಗೆ ಮರುನಿರ್ಧರಣೆಯಲ್ಲಿ ಸಹಜ ನ್ಯಾಯ

ಆದಾಯ ತೆರಿಗೆ ಮರುನಿರ್ಧರಣೆಯಲ್ಲಿ ಸಹಜ ನ್ಯಾಯ ಎಂಬುದು, ಒಮ್ಮೆ ಮುಗಿದುಹೋದ ತೆರಿಗೆ ಲೆಕ್ಕವನ್ನು ಇಲಾಖೆಯು ಮತ್ತೆ ತೆರೆಯುವಾಗ ಅನುಸರಿಸಬೇಕಾದ ನ್ಯಾಯಯುತ ಕ್ರಮಗಳನ್ನು ಸೂಚಿಸುತ್ತದೆ. ಭಾರತದಲ್ಲಿ ಈ ಅಧಿಕಾರವು 1961ರ ಆದಾಯ ತೆರಿಗೆ ಕಾಯ್ದೆಯ 147ರಿಂದ 151ರವರೆಗಿನ ಸೆಕ್ಷನ್‌ಗಳಲ್ಲಿ ಅಡಕವಾಗಿದೆ. ತೆರಿಗೆಗೆ ಒಳಪಡಬೇಕಾದ ಆದಾಯವು ನಿರ್ಧರಣೆಯಿಂದ ತಪ್ಪಿಹೋಗಿದ್ದರೆ ಅದನ್ನು ಹಿಂದಿರುಗಿ ಪರಿಶೀಲಿಸುವುದು ಈ ಸೆಕ್ಷನ್‌ಗಳ ಉದ್ದೇಶ. ಮರುನಿರ್ಧರಣೆಗೆ ಕಾರಣವೇನೆಂದು ತಿಳಿಯುವುದು, ಅದಕ್ಕೆ ಉತ್ತರ ಕೊಡುವುದು, ತನ್ನ ವಿರುದ್ಧ ಬಳಸುವ ಸಾಕ್ಷ್ಯವನ್ನು ನೋಡುವುದು ಮತ್ತು ಕಾರಣಸಹಿತವಾದ ಆದೇಶವನ್ನು ಪಡೆಯುವುದು ತೆರಿಗೆದಾರನ ಮುಖ್ಯ ಹಕ್ಕುಗಳಾಗಿವೆ. ಇವುಗಳಲ್ಲಿ ಹಲವು ಮೊದಲು ನ್ಯಾಯಾಲಯಗಳ ತೀರ್ಪುಗಳಿಂದ ರೂಪುಗೊಂಡು, ಅನಂತರ ಕಾಯ್ದೆಯಲ್ಲಿ ಸ್ಥಾನ ಪಡೆದವು.

ಹಿನ್ನೆಲೆ

ಭಾರತ ಸಂವಿಧಾನದ 265ನೆಯ ವಿಧಿಯ ಪ್ರಕಾರ, ಕಾನೂನಿನ ಅಧಿಕಾರವಿಲ್ಲದೆ ಯಾವುದೇ ತೆರಿಗೆಯನ್ನು ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ. ಮರುನಿರ್ಧರಣೆಯಲ್ಲಿ ಎರಡು ಹಿತಗಳು ಎದುರುಬದುರಾಗುತ್ತವೆ. ಆದಾಯವನ್ನು ಮರೆಮಾಚಿದವರಿಂದ ತೆರಿಗೆ ವಸೂಲಾಗಬೇಕೆಂಬುದು ಒಂದು. ಪ್ರಾಮಾಣಿಕವಾಗಿ ವಿವರ ಸಲ್ಲಿಸಿದವನ ಲೆಕ್ಕವು ಎಂದಾದರೂ ಒಂದು ದಿನ ಅಂತಿಮವಾಗಬೇಕೆಂಬುದು ಇನ್ನೊಂದು. ವರ್ಷಗಳು ಕಳೆದಂತೆ ರಸೀದಿಗಳು ಕಳೆದುಹೋಗುತ್ತವೆ, ವ್ಯವಹಾರ ನಡೆಸಿದವರು ತೀರಿಕೊಂಡಿರಬಹುದು. ಆದ್ದರಿಂದಲೇ ಮರುನಿರ್ಧರಣೆಗೆ ಕಾಲಮಿತಿಯನ್ನೂ ಪೂರ್ವಷರತ್ತುಗಳನ್ನೂ ವಿಧಿಸಲಾಗಿದೆ.

1922ರ ಕಾಯ್ದೆಯ 34ನೆಯ ಸೆಕ್ಷನ್‌ನಲ್ಲಿದ್ದ ಈ ಅಧಿಕಾರವು 1961ರ ಕಾಯ್ದೆಯಲ್ಲಿ 147ನೆಯ ಸೆಕ್ಷನ್ ಆಗಿ ಮುಂದುವರಿಯಿತು. 2021ರವರೆಗೆ ಅದರ ತಿರುಳು 'ನಂಬಲು ಕಾರಣ' ಎಂಬ ಪದಪುಂಜವಾಗಿತ್ತು. ಆದಾಯವು ತಪ್ಪಿಹೋಗಿದೆ ಎಂದು ನಂಬಲು ಅಧಿಕಾರಿಗೆ ಕಾರಣವಿರಬೇಕಿತ್ತು. ಕೇವಲ ಸಂಶಯ ಅಥವಾ ಊಹೆ ಸಾಲುತ್ತಿರಲಿಲ್ಲ.

ನ್ಯಾಯಾಲಯಗಳ ತೀರ್ಪುಗಳು

ಕಲ್ಕತ್ತಾ ಡಿಸ್ಕೌಂಟ್ ಕಂಪನಿ ಪ್ರಕರಣದಲ್ಲಿ (1961) ಸರ್ವೋಚ್ಚ ನ್ಯಾಯಾಲಯವು ತೆರಿಗೆದಾರನ ಕರ್ತವ್ಯದ ಎಲ್ಲೆಯನ್ನು ಗುರುತಿಸಿತು. ಮೂಲ ಸಂಗತಿಗಳನ್ನು ಪೂರ್ಣವಾಗಿ, ನಿಜವಾಗಿ ತಿಳಿಸುವುದು ತೆರಿಗೆದಾರನ ಹೊಣೆ. ಅವುಗಳಿಂದ ತೀರ್ಮಾನಕ್ಕೆ ಬರುವುದು ಅಧಿಕಾರಿಯ ಹೊಣೆ. ಅಧಿಕಾರವ್ಯಾಪ್ತಿಯಿಲ್ಲದೆ ಹೊರಡಿಸಿದ ನೋಟಿಸನ್ನು ಉಚ್ಚ ನ್ಯಾಯಾಲಯವು ರಿಟ್ ಮೂಲಕ ತಡೆಯಬಹುದೆಂದೂ ಅದು ಹೇಳಿತು.

ಎಸ್. ನಾರಾಯಣಪ್ಪ ಪ್ರಕರಣವು (1967) ಕರ್ನಾಟಕಕ್ಕೆ ಸಂಬಂಧಿಸಿದ್ದು. ಅದರಲ್ಲಿ ಎದುರು ಪಕ್ಷವಾಗಿದ್ದವರು ಬೆಂಗಳೂರಿನ ಆದಾಯ ತೆರಿಗೆ ಆಯುಕ್ತರು. ಅಧಿಕಾರಿಯ ನಂಬಿಕೆಗೆ ಆಧಾರ ಇತ್ತೇ ಎಂಬುದನ್ನು ನ್ಯಾಯಾಲಯವು ಪರಿಶೀಲಿಸಬಹುದು, ಆದರೆ ಆ ಆಧಾರ ಸಾಕಷ್ಟಿತ್ತೇ ಎಂಬುದನ್ನಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಅಂದಿನ ಕಾಯ್ದೆಯಲ್ಲಿ ಕಾರಣಗಳನ್ನು ತೆರಿಗೆದಾರನಿಗೆ ತಿಳಿಸಬೇಕೆಂಬ ಷರತ್ತು ಇಲ್ಲವೆಂದೂ ಅದು ಹೇಳಿತು. ಹೀಗಾಗಿ ನೋಟಿಸು ಪಡೆದವನು ಯಾವ ಕಾರಣಕ್ಕೆ ತನ್ನ ಲೆಕ್ಕ ಮತ್ತೆ ತೆರೆಯಿತೆಂದು ತಿಳಿಯದೆಯೇ ಉತ್ತರಿಸಬೇಕಾಗುವ ಸ್ಥಿತಿ ಉಳಿಯಿತು.

ಛುಗಾಮಲ್ ರಾಜ್‌ಪಾಲ್ ಪ್ರಕರಣದಲ್ಲಿ (1971) ಮೇಲಧಿಕಾರಿಯು ಯಾಂತ್ರಿಕವಾಗಿ ನೀಡಿದ ಅನುಮತಿಯು ಸಿಂಧುವಲ್ಲವೆಂದು ತೀರ್ಮಾನವಾಯಿತು. ಲಖ್ಮಾನಿ ಮೇವಾಲ್ ದಾಸ್ ಪ್ರಕರಣದಲ್ಲಿ (1976) ಅಧಿಕಾರಿಯ ಮುಂದಿರುವ ಮಾಹಿತಿಗೂ ಅವನ ನಂಬಿಕೆಗೂ ನೇರವಾದ, ಜೀವಂತವಾದ ಸಂಬಂಧ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು.

ಸಾಕ್ಷ್ಯದ ವಿಷಯದಲ್ಲಿ ಎರಡು ತೀರ್ಪುಗಳನ್ನು ಮುಖ್ಯವಾಗಿ ಉಲ್ಲೇಖಿಸಲಾಗುತ್ತದೆ. ಢಾಕೇಶ್ವರಿ ಕಾಟನ್ ಮಿಲ್ಸ್ ಪ್ರಕರಣದ (1954) ಪ್ರಕಾರ, ತೆರಿಗೆ ಅಧಿಕಾರಿಯು ಸಾಕ್ಷ್ಯ ಕಾನೂನಿನ ತಾಂತ್ರಿಕ ನಿಯಮಗಳಿಗೆ ಬದ್ಧನಲ್ಲ, ಆದರೆ ಕೇವಲ ಊಹೆಯ ಮೇಲೆ ಆದಾಯವನ್ನು ನಿಗದಿಪಡಿಸುವಂತಿಲ್ಲ. ಕಿಶಿನ್‌ಚಂದ್ ಚೆಲ್ಲಾರಾಮ್ ಪ್ರಕರಣದಲ್ಲಿ (1980) ಇಲಾಖೆಯು ಬ್ಯಾಂಕ್ ವ್ಯವಸ್ಥಾಪಕರ ಪತ್ರವನ್ನು ತೆರಿಗೆದಾರನಿಗೆ ತೋರಿಸದೆ ಅವನ ವಿರುದ್ಧ ಬಳಸಿತ್ತು. ಬೆನ್ನ ಹಿಂದೆ ಸಂಗ್ರಹಿಸಿದ ಇಂಥ ಸಾಕ್ಷ್ಯವನ್ನು ತೆರಿಗೆದಾರನ ಮುಂದಿಟ್ಟು, ಅದನ್ನು ಪ್ರಶ್ನಿಸಲು ಅವಕಾಶ ಕೊಡದೆ ಬಳಸುವಂತಿಲ್ಲವೆಂದು ನ್ಯಾಯಾಲಯವು ಹೇಳಿತು.

ಕೆಲ್ವಿನೇಟರ್ ಪ್ರಕರಣದಲ್ಲಿ (2010) ಕೇವಲ ಅಭಿಪ್ರಾಯ ಬದಲಾದ ಮಾತ್ರಕ್ಕೆ ಲೆಕ್ಕವನ್ನು ಮರಳಿ ತೆರೆಯುವಂತಿಲ್ಲ, ಅದಕ್ಕೆ ಹೊಸದಾದ ಸ್ಪಷ್ಟ ಆಧಾರ ಬೇಕು ಎಂದು ತೀರ್ಮಾನವಾಯಿತು. ಮರುನಿರ್ಧರಣೆಯ ಅಧಿಕಾರವು ಹಿಂದಿನ ಆದೇಶವನ್ನು ಪುನರ್ವಿಮರ್ಶೆ ಮಾಡುವ ಅಧಿಕಾರವಲ್ಲ ಎಂಬುದು ಈ ತೀರ್ಪಿನ ಸಾರ.

ಜಿಕೆಎನ್ ಡ್ರೈವ್‌ಶಾಫ್ಟ್ಸ್ ತೀರ್ಪು

2002ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಕೆಎನ್ ಡ್ರೈವ್‌ಶಾಫ್ಟ್ಸ್ ಪ್ರಕರಣದಲ್ಲಿ ನೀಡಿದ ಚಿಕ್ಕ ಆದೇಶವು ಈ ವಿಷಯದಲ್ಲಿ ದೊಡ್ಡ ಬದಲಾವಣೆಯನ್ನು ತಂದಿತು. ಅದು ಹಾಕಿಕೊಟ್ಟ ಕ್ರಮ ಹೀಗಿದೆ:

1. 148ನೆಯ ಸೆಕ್ಷನ್ ಅಡಿಯ ನೋಟಿಸು ಬಂದಾಗ ತೆರಿಗೆದಾರನು ಆದಾಯ ವಿವರವನ್ನು ಸಲ್ಲಿಸಬೇಕು. ಬಯಸಿದರೆ ನೋಟಿಸಿನ ಕಾರಣಗಳನ್ನು ಕೇಳಬಹುದು.
2. ಅಧಿಕಾರಿಯು ಸೂಕ್ತ ಅವಧಿಯೊಳಗೆ ಕಾರಣಗಳನ್ನು ಒದಗಿಸಬೇಕು.
3. ಕಾರಣಗಳನ್ನು ಪಡೆದ ತೆರಿಗೆದಾರನು ಆಕ್ಷೇಪಣೆ ಸಲ್ಲಿಸಬಹುದು.
4. ಆ ಆಕ್ಷೇಪಣೆಗಳನ್ನು ಅಧಿಕಾರಿಯು ಮೊದಲು ಕಾರಣಸಹಿತ ಆದೇಶದ ಮೂಲಕ ಇತ್ಯರ್ಥಪಡಿಸಿ, ಅನಂತರವೇ ಮರುನಿರ್ಧರಣೆಗೆ ಮುಂದುವರಿಯಬೇಕು.

ಕಾಯ್ದೆಯಲ್ಲಿ ಅಕ್ಷರಶಃ ಇಲ್ಲದಿದ್ದ ಈ ಕ್ರಮವು ಸುಮಾರು ಎರಡು ದಶಕಗಳ ಕಾಲ ದೇಶದಾದ್ಯಂತ ಪಾಲನೆಯಾಯಿತು.

2021ರ ತಿದ್ದುಪಡಿ

2021ರ ಹಣಕಾಸು ಕಾಯ್ದೆಯು ಆ ವರ್ಷದ ಏಪ್ರಿಲ್ 1ರಿಂದ ಈ ಭಾಗವನ್ನು ಹೊಸದಾಗಿ ರೂಪಿಸಿತು. 'ನಂಬಲು ಕಾರಣ' ಎಂಬುದರ ಸ್ಥಾನದಲ್ಲಿ ಆದಾಯ ತಪ್ಪಿಹೋಗಿದೆ ಎಂದು ಸೂಚಿಸುವ 'ಮಾಹಿತಿ' ಎಂಬ ಷರತ್ತು ಬಂದಿತು. ಹೊಸದಾಗಿ ಸೇರಿದ 148ಎ ಸೆಕ್ಷನ್ ನೋಟಿಸಿಗೂ ಮುನ್ನವೇ ವಿಚಾರಣೆಯನ್ನು ಕಡ್ಡಾಯಗೊಳಿಸಿತು. ಅಧಿಕಾರಿಯು ತನ್ನಲ್ಲಿರುವ ಮಾಹಿತಿಯನ್ನು ತಿಳಿಸಿ, ಕಾರಣ ಕೇಳುವ ನೋಟಿಸನ್ನು ನೀಡಬೇಕು. ಉತ್ತರಕ್ಕೆ 7 ದಿನಗಳಿಗೆ ಕಡಿಮೆಯಿಲ್ಲದ, 30 ದಿನಗಳಿಗೆ ಹೆಚ್ಚಿಲ್ಲದ ಅವಧಿ ಕೊಡಬೇಕಿತ್ತು. ಕೋರಿಕೆಯ ಮೇರೆಗೆ ಅದನ್ನು ವಿಸ್ತರಿಸಬಹುದಿತ್ತು. ಉತ್ತರವನ್ನು ಪರಿಗಣಿಸಿ, ಲೆಕ್ಕವನ್ನು ಮತ್ತೆ ತೆರೆಯುವುದು ಯೋಗ್ಯವೇ ಅಲ್ಲವೇ ಎಂಬ ಆದೇಶವನ್ನು ಹೊರಡಿಸಬೇಕು. ಶೋಧನೆ, ಜಪ್ತಿಯಂಥ ಕೆಲವು ಸಂದರ್ಭಗಳಿಗೆ ಈ ಪೂರ್ವವಿಚಾರಣೆ ಅನ್ವಯಿಸಲಿಲ್ಲ.

ಈ ಹಂತದ ಮಹತ್ವವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಅಣ್ಣತಮ್ಮಂದಿರಿಬ್ಬರು ತಂದೆಯಿಂದ ಬಂದ ನಿವೇಶನವನ್ನು 60 ಲಕ್ಷ ರೂಪಾಯಿಗೆ ಮಾರಿ, ತಲಾ 30 ಲಕ್ಷವನ್ನು ತಮ್ಮ ತಮ್ಮ ವಿವರಗಳಲ್ಲಿ ತೋರಿಸಿದ್ದಾರೆ ಎಂದಿಟ್ಟುಕೊಳ್ಳಿ. ಇಲಾಖೆಗೆ ಬಂದ ಮಾಹಿತಿಯಲ್ಲಿ ಇಡೀ ಮೊತ್ತವು ಅಣ್ಣನ ಹೆಸರಿನಲ್ಲಿ ಮಾತ್ರ ನಮೂದಾಗಿದ್ದರೆ, 30 ಲಕ್ಷ ತಪ್ಪಿಹೋದಂತೆ ಕಾಣುತ್ತದೆ. ಮಾಹಿತಿಯ ಪ್ರತಿ ಮೊದಲೇ ಕೈಸೇರಿದರೆ ಕ್ರಯಪತ್ರವನ್ನೂ ತಮ್ಮನ ವಿವರವನ್ನೂ ಸಲ್ಲಿಸಿ ವಿಷಯವನ್ನು ಅಲ್ಲಿಗೇ ಮುಗಿಸಬಹುದು. ಆ ಅವಕಾಶ ಇಲ್ಲದಿದ್ದರೆ ತೆರಿಗೆ, ಬಡ್ಡಿ ಮತ್ತು ದಂಡದ ಬೇಡಿಕೆ ಬಂದು, ಮೇಲ್ಮನವಿಯಲ್ಲಿ ವರ್ಷಗಳು ಕಳೆಯಬಹುದು.

ತೊಂಬತ್ತು ಸಾವಿರ ನೋಟಿಸುಗಳ ವಿವಾದ

ಹೊಸ ಕಾನೂನು ಜಾರಿಗೆ ಬಂದ ಮೇಲೂ, ಕೋವಿಡ್ ಕಾಲದಲ್ಲಿ ಕಾಲಮಿತಿಯನ್ನು ಸಡಿಲಿಸಿದ 2020ರ ಕಾಯ್ದೆಯ ಆಧಾರದಲ್ಲಿ, 2021ರ ಏಪ್ರಿಲ್‌ನಿಂದ ಜೂನ್‌ವರೆಗೆ ಹಳೆಯ ಕ್ರಮದಲ್ಲಿಯೇ ಸುಮಾರು 90,000 ನೋಟಿಸುಗಳು ಹೊರಟವು. ಇವುಗಳ ವಿರುದ್ಧ 9,000ಕ್ಕೂ ಹೆಚ್ಚು ರಿಟ್ ಅರ್ಜಿಗಳು ಸಲ್ಲಿಕೆಯಾದವು. ಹಲವು ಉಚ್ಚ ನ್ಯಾಯಾಲಯಗಳು ನೋಟಿಸುಗಳನ್ನು ರದ್ದುಪಡಿಸಿದವು.

2022ರ ಮೇ 4ರಂದು ಆಶಿಶ್ ಅಗರ್‌ವಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೊಸ ಕಾನೂನೇ ಅನ್ವಯವಾಗುತ್ತದೆಂದು ಒಪ್ಪಿತು. ಆದರೆ ಸಂವಿಧಾನದ 142ನೆಯ ವಿಧಿಯನ್ನು ಬಳಸಿ, ಆ ನೋಟಿಸುಗಳನ್ನು 148ಎ ಅಡಿಯ ಕಾರಣ ಕೇಳುವ ನೋಟಿಸುಗಳೆಂದು ಭಾವಿಸತಕ್ಕದ್ದೆಂದು ಆದೇಶಿಸಿತು. ಇಲಾಖೆಯು 30 ದಿನಗಳಲ್ಲಿ ಮಾಹಿತಿಯನ್ನು ಒದಗಿಸಬೇಕೆಂದೂ, ತೆರಿಗೆದಾರರು ಎರಡು ವಾರಗಳಲ್ಲಿ ಉತ್ತರಿಸಬಹುದೆಂದೂ ನಿರ್ದೇಶಿಸಿತು. ಇಲಾಖೆಯ ಆದಾಯವನ್ನೂ ತೆರಿಗೆದಾರರ ಹಕ್ಕನ್ನೂ ಏಕಕಾಲಕ್ಕೆ ಕಾಯುವ ಪ್ರಯತ್ನ ಇದಾಗಿತ್ತು. ಈ ನೋಟಿಸುಗಳ ಕಾಲಮಿತಿಯ ಪ್ರಶ್ನೆಯನ್ನು 2024ರ ಅಕ್ಟೋಬರ್ 3ರ ರಾಜೀವ್ ಬನ್ಸಲ್ ತೀರ್ಪು ಇತ್ಯರ್ಥಪಡಿಸಿತು. ಸಡಿಲಿಕೆಯ ಕಾಯ್ದೆಯ ಪ್ರಕಾರ ಉಳಿದಿದ್ದ ಅವಧಿಯೊಳಗೆ ಮಾತ್ರ ಇಲಾಖೆಯು ಹೊಸ ನೋಟಿಸನ್ನು ನೀಡಬಹುದೆಂದು ಅದು ಹೇಳಿತು.

ಕಾಲಮಿತಿ

ತಿದ್ದುಪಡಿಗೆ ಮುನ್ನ ಸಾಮಾನ್ಯ ಮಿತಿ 4 ವರ್ಷವಾಗಿದ್ದು, ತಪ್ಪಿಹೋದ ಆದಾಯ 1 ಲಕ್ಷ ರೂಪಾಯಿ ಅಥವಾ ಹೆಚ್ಚಾಗಿದ್ದರೆ 6 ವರ್ಷ, ವಿದೇಶಿ ಆಸ್ತಿಗೆ ಸಂಬಂಧಿಸಿದ್ದರೆ 16 ವರ್ಷವಾಗಿತ್ತು. 2021ರಲ್ಲಿ ಸಾಮಾನ್ಯ ಮಿತಿ 3 ವರ್ಷಕ್ಕೆ ಇಳಿಯಿತು. 50 ಲಕ್ಷ ರೂಪಾಯಿ ಅಥವಾ ಹೆಚ್ಚಿನ ಆದಾಯದ ಪ್ರಕರಣಗಳಲ್ಲಿ 10 ವರ್ಷವಾಯಿತು. 2024ರ ಸೆಪ್ಟೆಂಬರ್ 1ರಿಂದ ಇವು ಕ್ರಮವಾಗಿ 3 ವರ್ಷ 3 ತಿಂಗಳು ಮತ್ತು 5 ವರ್ಷ 3 ತಿಂಗಳಾದವು. ಈ ಅವಧಿಗಳನ್ನು ಸಂಬಂಧಪಟ್ಟ ತೆರಿಗೆ ನಿರ್ಧರಣಾ ವರ್ಷದ ಕೊನೆಯಿಂದ ಎಣಿಸಲಾಗುತ್ತದೆ.

ಪರಿಹಾರ ಮಾರ್ಗಗಳು

148ಎ ಅಡಿಯ ಆದೇಶಕ್ಕೆ ಕಾಯ್ದೆಯಲ್ಲಿ ಮೇಲ್ಮನವಿಯಿಲ್ಲ. ಅದನ್ನು ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿಯ ಮೂಲಕ ಪ್ರಶ್ನಿಸಲಾಗುತ್ತದೆ. ಅಂತಿಮ ಮರುನಿರ್ಧರಣಾ ಆದೇಶದ ವಿರುದ್ಧ ಮೇಲ್ಮನವಿ ಆಯುಕ್ತರು, ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣ, ಗಣನೀಯ ಕಾನೂನು ಪ್ರಶ್ನೆಯಿದ್ದರೆ ಉಚ್ಚ ನ್ಯಾಯಾಲಯ ಹೀಗೆ ಕ್ರಮವಾಗಿ ಹೋಗಬಹುದು. ಕಾಯ್ದೆಯಲ್ಲಿಯೇ ಸಮರ್ಪಕ ಪರಿಹಾರವಿರುವಾಗ ರಿಟ್ ಅರ್ಜಿಯನ್ನು ಸಾಮಾನ್ಯವಾಗಿ ಪುರಸ್ಕರಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು ಛಬಿಲ್ ದಾಸ್ ಅಗರ್‌ವಾಲ್ ಪ್ರಕರಣದಲ್ಲಿ (2013) ಹೇಳಿದೆ. ಸಹಜ ನ್ಯಾಯದ ಉಲ್ಲಂಘನೆಯು ಈ ನಿಯಮಕ್ಕೆ ಒಪ್ಪಿತವಾದ ಅಪವಾದಗಳಲ್ಲೊಂದು.

ಟೀಕೆಗಳು

ಏಳು ದಿನಗಳ ಕನಿಷ್ಠ ಅವಧಿಯು ಹಳೆಯ ದಾಖಲೆಗಳನ್ನು ಹುಡುಕಲು ಸಾಲದೆಂಬ ಟೀಕೆಯಿತ್ತು. 2024ರ ತಿದ್ದುಪಡಿಯು ಆ ಕನಿಷ್ಠ ಮಿತಿಯನ್ನೂ ಕೈಬಿಟ್ಟು, ಅವಧಿಯನ್ನು ನೋಟಿಸಿನಲ್ಲಿಯೇ ಸೂಚಿಸಲು ಬಿಟ್ಟಿತು. ನೋಟಿಸನ್ನು ಇ-ಫೈಲಿಂಗ್ ಜಾಲತಾಣದಲ್ಲಿ ಹಾಕಿದ ಮಾತ್ರಕ್ಕೆ ಅದು ತಲುಪಿದಂತಾಗುತ್ತದೆಯೇ ಎಂಬ ಪ್ರಶ್ನೆಯೂ ನ್ಯಾಯಾಲಯಗಳ ಮುಂದೆ ಬಂದಿದೆ. ಗಣಕಯಂತ್ರ ಬಳಸಲು ಅರಿಯದ ಹಿರಿಯರಿಗೆ ಈ ಪ್ರಶ್ನೆ ಮುಖ್ಯವಾದುದು, ಏಕೆಂದರೆ ನೋಟಿಸು ಕಣ್ಣಿಗೆ ಬೀಳದಿದ್ದರೆ ಉತ್ತರಿಸುವ ಹಕ್ಕು ಕಾಗದದಲ್ಲಷ್ಟೇ ಉಳಿಯುತ್ತದೆ. ಮುಖಾಮುಖಿರಹಿತ ವ್ಯವಸ್ಥೆಯಲ್ಲಿ ನೋಟಿಸನ್ನು ಸ್ಥಳೀಯ ಅಧಿಕಾರಿಯೇ ಹೊರಡಿಸಬಹುದೇ ಎಂಬ ಬಗ್ಗೆ ಉಚ್ಚ ನ್ಯಾಯಾಲಯಗಳು ಭಿನ್ನ ಅಭಿಪ್ರಾಯಗಳನ್ನು ನೀಡಿವೆ.

2025ರ ಕಾಯ್ದೆ

1961ರ ಕಾಯ್ದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಅಂಗೀಕಾರಗೊಂಡಿದೆ. ನೋಟಿಸಿಗೆ ಮುನ್ನ ಕಾರಣ ಕೇಳುವ ಕ್ರಮವನ್ನು ಅದೂ ಉಳಿಸಿಕೊಂಡಿದೆ. ಹಿಂದಿನ ವರ್ಷಗಳ ಲೆಕ್ಕಗಳಿಗೆ ಹಳೆಯ ಕಾಯ್ದೆಯೇ ಅನ್ವಯವಾಗುವುದರಿಂದ, ಮೇಲಿನ ತೀರ್ಪುಗಳ ಪ್ರಸ್ತುತತೆ ಮುಂದುವರಿಯುತ್ತದೆ.