ಮೈಲ್ಸ್ ಟಿಕೆಟ್‌ನಲ್ಲಿ ದಾರಿ ಮಧ್ಯೆ ಇಳಿಯುವುದು ಹೇಗೆ? ಅದರ ಖರ್ಚು ಯಾರದು?

ವಿಮಾನ ಬದಲಿಸಲಿಕ್ಕೆ ಕಾಯುವುದಕ್ಕೂ, ದಾರಿ ಮಧ್ಯದ ಊರಲ್ಲಿ ಇಳಿದು ಉಳಿಯುವುದಕ್ಕೂ ನಡುವಿನ ಗೆರೆ 24 ಗಂಟೆ. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಮಧ್ಯದ ನಿಲ್ದಾಣದಲ್ಲಿ ಅದಕ್ಕಿಂತ ಕಡಿಮೆ ಹೊತ್ತು ಇದ್ದರೆ ಅದು ಲೇಓವರ್, ಮೀರಿದರೆ ಸ್ಟಾಪ್‌ಓವರ್. ದುಡ್ಡು ಕೊಟ್ಟು ಟಿಕೆಟ್ ತಗೊಂಡಾಗ ಈ ಗೆರೆ ದಾಟಿದರೆ ದರ ಏರುವುದೇ ಹೆಚ್ಚು. ಆದರೆ ಮೈಲುಗಳಲ್ಲಿ ಕೊಳ್ಳುವ ಟಿಕೆಟ್‌ನಲ್ಲಿ, ಅಂದರೆ ಅವಾರ್ಡ್ ಟಿಕೆಟ್‌ನಲ್ಲಿ, ಕೆಲವು ಏರ್‌ಲೈನ್ಸ್‌ಗಳು ಇದನ್ನು ಹೆಚ್ಚುವರಿ ಮೈಲಿಲ್ಲದೆ ಅಥವಾ ತೀರಾ ಕಡಿಮೆ ಮೈಲಿಗೆ ಕೊಡುತ್ತವೆ. ಒಂದು ಪ್ರಯಾಣದ ಬೆಲೆಗೆ ಎರಡು ಊರು. ಮೈಲ್ಸ್ ಬಳಸುವ ವಿಧಾನಗಳಲ್ಲಿ ಇದಕ್ಕಿಂತ ಲಾಭದ್ದು ಕಡಿಮೆ. ಇದರ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ವಿಡಿಯೋಗಳಿವೆ. ಅವುಗಳಲ್ಲಿ ಹೇಳದೆ ಬಿಡುವ ಭಾಗವನ್ನೂ ಸೇರಿಸಿ ಇಲ್ಲಿ ವಿವರಿಸುತ್ತೇನೆ.

ಬೆಂಗಳೂರಿನಿಂದ ಹೊರಡುವವರಿಗೆ ಉಪಯೋಗಕ್ಕೆ ಬರುವ ಮೂರು ಉದಾಹರಣೆ ನೋಡೋಣ.

ಮೊದಲನೆಯದು ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್. ಇದರ ಕಡಿಮೆ ದರದ ‘ಸೇವರ್’ ಅವಾರ್ಡ್‌ನಲ್ಲಿ ಹೋಗಿ ಬರುವ ಟಿಕೆಟ್ ಮಾಡಿಸಿದರೆ ಒಂದು ಸ್ಟಾಪ್‌ಓವರ್ ಉಚಿತ. ಸಿಡ್ನಿಯಲ್ಲಿರುವ ಅಕ್ಕನ ಮನೆಗೆ ಹೊರಟವರು ಹೋಗುವಾಗಲೋ ಬರುವಾಗಲೋ ಸಿಂಗಪುರದಲ್ಲಿ ಮೂರು ದಿನ ಉಳಿಯಬಹುದು, ಮೈಲುಗಳ ಲೆಕ್ಕ ಬದಲಾಗುವುದಿಲ್ಲ. ಜೊತೆಗೆ ತನ್ನದೇ ವಿಮಾನಗಳ ಅವಾರ್ಡ್ ಟಿಕೆಟ್ ಮೇಲಿನ ಇಂಧನ ಸರ್‌ಚಾರ್ಜನ್ನು ಈ ಕಂಪನಿ 2017ರಲ್ಲೇ ಕೈಬಿಟ್ಟಿದೆ. ಹಾಗಾಗಿ ಕೈಯಿಂದ ಕೊಡಬೇಕಾದ ದುಡ್ಡೂ ಕಡಿಮೆ. ಒಂದು ಕಿರಿಕಿರಿ: ಇಲ್ಲಿ ಮೈಲುಗಳಿಗೆ ಮೂರು ವರ್ಷದ ಆಯಸ್ಸು. ಪ್ರಯಾಣ ಮಾಡಲಿ ಬಿಡಲಿ, ಅವಧಿ ಮುಗಿದ ಮೇಲೆ ಅವು ಇಲ್ಲ.

ಎರಡನೆಯದು ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಕಂಪನಿಗಳ ಫ್ಲೈಯಿಂಗ್ ಬ್ಲೂ. ಬೆಂಗಳೂರಿನಿಂದ ಪ್ಯಾರಿಸ್‌ಗೂ ಆಮ್‌ಸ್ಟರ್‌ಡ್ಯಾಮ್‌ಗೂ ನೇರ ವಿಮಾನ ಇರುವುದರಿಂದ ಇದು ನಮಗೆ ಹತ್ತಿರದ್ದು. ಬರೀ ಹೋಗುವ ಟಿಕೆಟ್‌ಗೂ ಒಂದು ಸ್ಟಾಪ್‌ಓವರ್ ಕೊಡುವುದು ಇದರ ವಿಶೇಷ. ಬೆಂಗಳೂರು–ಪ್ಯಾರಿಸ್–ನ್ಯೂಯಾರ್ಕ್ ಟಿಕೆಟ್‌ನಲ್ಲಿ ಪ್ಯಾರಿಸ್‌ನಲ್ಲಿ ವಾರ ಕಳೆದು ಮುಂದೆ ಹೋಗಬಹುದು. ಆದರೆ ಮೈಲುಗಳ ದರ ದಿನದಿನಕ್ಕೆ ಏರಿಳಿಯುತ್ತದೆ, ಸರ್‌ಚಾರ್ಜ್ ಕೂಡ ಕಟ್ಟಬೇಕು.

ಮೂರನೆಯದು ಏರ್ ಕೆನಡಾದ ಏರೋಪ್ಲಾನ್. ಒಂದು ಕಡೆಯ ಪ್ರಯಾಣಕ್ಕೆ 5,000 ಪಾಯಿಂಟ್ ಸೇರಿಸಿದರೆ 45 ದಿನಗಳವರೆಗಿನ ಒಂದು ಸ್ಟಾಪ್‌ಓವರ್. ಬೆಂಗಳೂರಿನಿಂದ ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್, ಅಲ್ಲಿ ಒಂದಷ್ಟು ದಿನ, ಆಮೇಲೆ ಟೊರಾಂಟೊ. ಬೇರೆ ಕಂಪನಿಗಳ ವಿಮಾನಗಳ ಮೇಲೂ ಏರೋಪ್ಲಾನ್ ಸರ್‌ಚಾರ್ಜ್ ಹೇರುವುದಿಲ್ಲ; 39 ಕೆನಡಿಯನ್ ಡಾಲರ್ ಬುಕಿಂಗ್ ಶುಲ್ಕ, ವಿಮಾನ ನಿಲ್ದಾಣದ ತೆರಿಗೆ, ಅಷ್ಟೇ.

ಏರ್‌ಲೈನ್ಸ್‌ಗೆ ಇಷ್ಟು ಔದಾರ್ಯ ಯಾಕೆ? ಸಿಂಗಪುರ, ಇಸ್ತಾಂಬುಲ್, ದೋಹಾದಂಥ ಊರುಗಳಿಗೆ ಬದಲಿ ವಿಮಾನ ಹಿಡಿಯಲು ಬರುವವರನ್ನು ಹೊರಗೆ ಕರೆದು ಹೋಟೆಲ್, ಟ್ಯಾಕ್ಸಿ, ಅಂಗಡಿಗಳಲ್ಲಿ ಖರ್ಚು ಮಾಡಿಸುವುದು ಆರ್ಥಿಕ ನೀತಿಯ ಭಾಗ. ಐಸ್‌ಲ್ಯಾಂಡ್‌ನ ವಿಮಾನ ಕಂಪನಿ 1960ರ ದಶಕದಲ್ಲೇ ಅಮೆರಿಕ–ಯೂರೋಪ್ ಪ್ರಯಾಣಿಕರಿಗೆ ಈ ಆಸೆ ತೋರಿಸಿತ್ತು.

ಸೀಟು ಹುಡುಕುವ ಕ್ರಮ

ದುಡ್ಡು ಕೊಟ್ಟು ಯಾರೂ ಕೊಳ್ಳಲಾರರು ಅಂತ ಕಂಪನಿಗೆ ಅನ್ನಿಸಿದ ಸೀಟುಗಳು ಮಾತ್ರ ಕಡಿಮೆ ಮೈಲಿನ ಅವಾರ್ಡ್‌ಗೆ ಬರುತ್ತವೆ. ಹೆಚ್ಚಿನ ಕಡೆ ಬುಕಿಂಗ್ ತೆರೆಯುವುದು ಪ್ರಯಾಣಕ್ಕೆ ಸುಮಾರು 11–12 ತಿಂಗಳು ಮೊದಲು. ಏಪ್ರಿಲ್–ಮೇ ರಜೆಗೆ ಜನವರಿಯಲ್ಲಿ ಹುಡುಕಿದರೆ ಸಿಗುವುದು ಅದೃಷ್ಟದ ಮಾತು. ಇಲ್ಲಿ ಸ್ಟಾಪ್‌ಓವರ್ ಒಂದು ಸಹಾಯ ಮಾಡುತ್ತದೆ. ಎರಡೂ ವಿಮಾನಗಳಲ್ಲಿ ಒಂದೇ ದಿನ ಸೀಟು ಸಿಗಬೇಕು ಅನ್ನುವ ಕಟ್ಟು ಇರುವುದಿಲ್ಲವಲ್ಲ. ಬೆಂಗಳೂರು–ಸಿಂಗಪುರ ಯಾವ ದಿನ ಖಾಲಿ ಇದೆ, ಸಿಂಗಪುರ–ಸಿಡ್ನಿ ಯಾವ ದಿನ ಖಾಲಿ ಇದೆ ಅಂತ ಬೇರೆ ಬೇರೆಯಾಗಿ ಹುಡುಕಿ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಆಮೇಲೆ ‘ಮಲ್ಟಿ ಸಿಟಿ’ ಆಯ್ಕೆಯಲ್ಲಿ ಒಟ್ಟಿಗೆ ಹಾಕಿ ನೋಡಿ. ವೆಬ್‌ಸೈಟ್ ಒಪ್ಪದಿದ್ದರೆ ಕಾಲ್ ಸೆಂಟರ್‌ಗೆ ಫೋನ್ ಮಾಡಿ ದಿನಾಂಕ, ವಿಮಾನದ ಸಂಖ್ಯೆ ಸಮೇತ ಹೇಳಿ. ‘ಯಾವುದಾದ್ರೂ ಇದ್ರೆ ನೋಡಿ’ ಅಂದರೆ ಆ ಕಡೆಯವರು ಏನನ್ನೂ ನೋಡುವುದಿಲ್ಲ.

ಇನ್ನೊಂದು ಮುಖ್ಯ ವಿಷಯ: ಬ್ಯಾಂಕಿನ ಕಾರ್ಡ್ ಪಾಯಿಂಟುಗಳನ್ನು ಏರ್‌ಲೈನ್ಸ್ ಖಾತೆಗೆ ಒಮ್ಮೆ ದಾಟಿಸಿದರೆ ವಾಪಸ್ ತರಲಾಗದು. ಸೀಟು ಕಣ್ಣಿಗೆ ಕಂಡ ಮೇಲೆಯೇ ದಾಟಿಸಿ. ಕೆಲವು ಬ್ಯಾಂಕುಗಳಲ್ಲಿ ದಾಟಲು ಒಂದೆರಡು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಸೀಟು ಹೋಗಬಹುದು. ಹಾಗಾಗಿ ಎರಡನೇ ದಿನಾಂಕವೊಂದು ಕೈಯಲ್ಲಿರಲಿ.

ಲಾಭವೋ ನಷ್ಟವೋ ತಿಳಿಯಲು ಗಣಿತ ಸರಳ. ದುಡ್ಡಿನ ಟಿಕೆಟ್ ದರದಲ್ಲಿ ಅವಾರ್ಡ್ ಟಿಕೆಟ್‌ನ ತೆರಿಗೆ ಕಳೆದು, ಉಳಿದದ್ದನ್ನು ಮೈಲುಗಳಿಂದ ಭಾಗಿಸಿ. ಲೆಕ್ಕಕ್ಕೆಂದು ದರ 50,000 ರೂಪಾಯಿ, ತೆರಿಗೆ 8,000, ಕೇಳುವ ಮೈಲು 42,000 ಅಂದುಕೊಳ್ಳಿ. ಒಂದು ಮೈಲಿಗೆ ಒಂದು ರೂಪಾಯಿ ಸಿಕ್ಕಿತು. ಸ್ಟಾಪ್‌ಓವರ್ ಹಾಕಿದಾಗ ಹೋಲಿಸಬೇಕಾದದ್ದು ಮಧ್ಯದಲ್ಲಿ ಇಳಿಯುವ ಅದೇ ಪ್ರಯಾಣದ ದುಡ್ಡಿನ ದರಕ್ಕೆ. ಅದು 70,000 ಆದರೆ ಅದೇ ಮೈಲಿನ ಬೆಲೆ ಸುಮಾರು ಒಂದೂವರೆ ರೂಪಾಯಿಗೆ ಏರಿತು.

ಈಗ ಅದೇ ಲೆಕ್ಕವನ್ನು ತಿರುಗಿಸಿ. ನೂರು ರೂಪಾಯಿ ಖರ್ಚಿಗೆ ಎರಡು ಮೈಲು ಕೊಡುವ ಕಾರ್ಡ್ ನಿಮ್ಮದಾದರೆ 42,000 ಮೈಲು ಸೇರಲು 21 ಲಕ್ಷ ರೂಪಾಯಿ ಖರ್ಚು ಮಾಡಬೇಕು. ಸ್ವಾಗತ ಬೋನಸ್, ಆಫೀಸಿನ ಪ್ರಯಾಣ ಇಲ್ಲದೆ ಇಷ್ಟನ್ನು ಒಟ್ಟುಮಾಡುವವರು ಯಾರು ಅಂತ ಬೇರೆ ಹೇಳಬೇಕಿಲ್ಲ.

ಬಿಟ್ಟಿ ಅನ್ನುವುದರ ಹಿಂದೆ

ಮೈಲುಗಳು ಹುಟ್ಟಿದ್ದು ಹಾರಾಟದಿಂದ. ಅಮೆರಿಕದಲ್ಲಿ 1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ನಿಯಂತ್ರಣ ತೆಗೆದ ಮೇಲೆ ಪೈಪೋಟಿ ಹೆಚ್ಚಿತು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಎಅಡ್ವಾಂಟೇಜ್ ಯೋಜನೆ ತಂದಿತು. ಈಗ ಮೈಲು ಹುಟ್ಟುವುದು ಹೆಚ್ಚಾಗಿ ಕ್ರೆಡಿಟ್ ಕಾರ್ಡ್‌ನಿಂದ. ಏರ್‌ಲೈನ್ಸ್ ಮೈಲುಗಳನ್ನು ಸಗಟಾಗಿ ಬ್ಯಾಂಕಿಗೆ ಮಾರುತ್ತದೆ, ಬ್ಯಾಂಕ್ ನಿಮಗೆ ಹಂಚುತ್ತದೆ. ಬ್ಯಾಂಕಿಗೆ ಆ ದುಡ್ಡು ಬರುವುದು ವಾರ್ಷಿಕ ಶುಲ್ಕ, ಬಾಕಿ ಉಳಿಸಿಕೊಂಡವರ ಬಡ್ಡಿ, ಮತ್ತು ಪ್ರತಿ ಸ್ವೈಪ್‌ಗೆ ಅಂಗಡಿಯವರು ಕೊಡುವ ಎಂಡಿಆರ್ ಶುಲ್ಕದಿಂದ.

ನಮ್ಮಲ್ಲಿ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಮೇಲಿನ ಎಂಡಿಆರ್ 2020ರ ಜನವರಿಯಿಂದ ಸೊನ್ನೆ. ಇತರ ಡೆಬಿಟ್ ಕಾರ್ಡ್‌ಗಳಿಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ, ಗರಿಷ್ಠ ಶೇ. 0.90. ಕ್ರೆಡಿಟ್ ಕಾರ್ಡ್‌ಗೆ ಅಂಥ ಮಿತಿ ಇಲ್ಲ. ಸಾಮಾನ್ಯವಾಗಿ ನೂರಕ್ಕೆ ಎರಡು ರೂಪಾಯಿಯ ಆಸುಪಾಸು. ಅಂಗಡಿಯವರು ಈ ಎರಡು ರೂಪಾಯಿಯನ್ನು ಜೇಬಿನಿಂದ ಹಾಕುವುದಿಲ್ಲ, ಸಾಮಾನಿನ ಬೆಲೆಯಲ್ಲಿ ಸೇರಿಸುತ್ತಾರೆ. ಅದೇ ಬೆಲೆಯನ್ನು ಕ್ಯೂಆರ್ ಸ್ಕ್ಯಾನ್ ಮಾಡುವ ಡೆಲಿವರಿ ಹುಡುಗನೂ, ನೋಟು ಎಣಿಸಿ ಕೊಡುವ ಗಾರ್ಮೆಂಟ್ಸ್ ಕೆಲಸದ ಹೆಂಗಸೂ ಕೊಡುತ್ತಾರೆ. ಅವರಿಗೆ ಮೈಲು ಬರುವುದಿಲ್ಲ. ಅಮೆರಿಕದಲ್ಲಿ ಇದನ್ನು ಅಳೆದಿದ್ದಾರೆ: ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ 2010ರ ಅಧ್ಯಯನದ ಪ್ರಕಾರ ಈ ವ್ಯವಸ್ಥೆಯಲ್ಲಿ ಅತಿ ಕಡಿಮೆ ಆದಾಯದ ಕುಟುಂಬ ವರ್ಷಕ್ಕೆ ಸರಾಸರಿ 21 ಡಾಲರ್ ಕಳೆದುಕೊಂಡರೆ, ಅತಿ ಹೆಚ್ಚು ಆದಾಯದ ಕುಟುಂಬಕ್ಕೆ 750 ಡಾಲರ್ ಸಿಗುತ್ತಿತ್ತು. ಬಡವರಿಂದ ಉಳ್ಳವರಿಗೆ ಸಬ್ಸಿಡಿ. ಇದನ್ನು ಯಾರೂ ‘ಬಿಟ್ಟಿ ಭಾಗ್ಯ’ ಅಂತ ಕರೆದು ಟಿವಿ ಚರ್ಚೆ ಮಾಡಿದ್ದು ನಾನಂತೂ ನೋಡಿಲ್ಲ.

ಕಾರ್ಡ್ ಇರುವವರಲ್ಲೂ ಎಲ್ಲರೂ ಗೆಲ್ಲುವುದಿಲ್ಲ. ಪೂರ್ತಿ ಬಿಲ್ ಕಟ್ಟದವರ ಬಡ್ಡಿಯೂ ಮೈಲುಗಳ ಹಿಂದಿನ ಹಣ. ವರ್ಷಕ್ಕೆ ಶೇ. 30 ಮೀರಿ ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಒಂದು ತಿಂಗಳು ಬಾಕಿ ಉಳಿಸಿದರೂ ಸಾಕು, ಆ ತಿಂಗಳ ಬಡ್ಡಿ ಮೈಲುಗಳ ಲಾಭವನ್ನು ನುಂಗಿ ಇನ್ನೂ ಕೇಳುತ್ತದೆ. ಮೊದಲ ಕೆಲಸದ ಮೊದಲ ಕಾರ್ಡ್ ಹಿಡಿದವರು ಇದನ್ನು ಸಿಂಗಪುರದ ಫೋಟೊಗಿಂತ ಮೊದಲು ನೋಡಬೇಕು.

ಕೂಡಿಟ್ಟ ಮೈಲು ಎಷ್ಟು ಭದ್ರ? 2012ರಲ್ಲಿ ಬೆಂಗಳೂರಿನ ಕಿಂಗ್‌ಫಿಷರ್ ಹಾರಾಟ ನಿಲ್ಲಿಸಿದಾಗ ಕಿಂಗ್ ಕ್ಲಬ್‌ನ ಮೈಲುಗಳಿಗೆ ಹಾರಲು ವಿಮಾನವೇ ಇರಲಿಲ್ಲ. ಕಂಪನಿ ಚೆನ್ನಾಗಿದ್ದರೂ ನಿಯಮ ಬದಲಾಗುತ್ತದೆ: ಯುನೈಟೆಡ್ ತನ್ನ ಅವಾರ್ಡ್ ಟಿಕೆಟ್‌ನೊಳಗೆ ಒಂದು ಹೆಚ್ಚುವರಿ ಹಾರಾಟವನ್ನು ಉಚಿತವಾಗಿ ಕೊಡುತ್ತಿದ್ದ ‘ಎಕ್ಸ್‌ಕರ್ಷನಿಸ್ಟ್’ ಸೌಲಭ್ಯವನ್ನು 2025ರಲ್ಲಿ ತೆಗೆದುಹಾಕಿತು. ಅದೇ ಯುನೈಟೆಡ್, ಕೋವಿಡ್ ಸಮಯದಲ್ಲಿ, 2020ರಲ್ಲಿ, ತನ್ನ ಮೈಲು ಯೋಜನೆಯನ್ನೇ ಅಡ ಇಟ್ಟು 680 ಕೋಟಿ ಡಾಲರ್ ಎತ್ತಿತ್ತು. ಅಂದರೆ ಬ್ಯಾಂಕಿನ ಕಣ್ಣಿಗೆ ಮೈಲು ಒಂದು ಆಸ್ತಿ. ಆದರೆ ಷರತ್ತುಗಳ ಪುಟ ಓದಿದರೆ ಅದು ಸದಸ್ಯರ ಆಸ್ತಿ ಅಲ್ಲ, ಕಂಪನಿ ಯಾವಾಗ ಬೇಕಾದರೂ ಬೆಲೆ ಇಳಿಸಬಹುದು. ನೋಟು ಅಚ್ಚು ಹಾಕುವವರೂ ಅವರೇ, ಅದರ ಬೆಲೆ ಕಟ್ಟುವವರೂ ಅವರೇ. ಅಮೆರಿಕದ ಸಾರಿಗೆ ಇಲಾಖೆ 2024ರ ಸೆಪ್ಟೆಂಬರ್‌ನಲ್ಲಿ ನಾಲ್ಕು ದೊಡ್ಡ ಏರ್‌ಲೈನ್ಸ್‌ಗಳಿಂದ ಈ ಬಗ್ಗೆ ವಿವರಣೆ ಕೇಳಿತು. ನಮ್ಮಲ್ಲಿ ಅಂಥ ಪ್ರಶ್ನೆ ಕೇಳಿಬರುವುದೇ ಅಪರೂಪ. ಮೈಲು ಕೂಡಿಟ್ಟರೆ ಬಡ್ಡಿ ಬರುವುದಿಲ್ಲ. ಪ್ರಯಾಣ ಗೊತ್ತಿದ್ದರೆ ಬೇಗ ಖರ್ಚು ಮಾಡಿ.

ಪಾಸ್‌ಪೋರ್ಟ್ ಬಣ್ಣ

ಸ್ಟಾಪ್‌ಓವರ್ ಅಂದರೆ ವಿಮಾನ ನಿಲ್ದಾಣದ ಹೊರಗೆ ಕಾಲಿಡುವುದು, ಅಂದರೆ ವೀಸಾ. ಅಮೆರಿಕದಲ್ಲಿರುವ ಕನ್ನಡದ ಕುಟುಂಬವೊಂದು ಪ್ಯಾರಿಸ್‌ನಲ್ಲಿ ಇಳಿದರೆ ಅಲ್ಲಿ ಹುಟ್ಟಿದ ಮೊಮ್ಮಗು ವೀಸಾ ಇಲ್ಲದೆ ಹೊರಗೆ ಹೋಗುತ್ತದೆ. ಜೊತೆಗಿರುವ ಮೈಸೂರಿನ ಅಜ್ಜಿಗೆ ಷೆಂಗೆನ್ ವೀಸಾ ಬೇಕು. 2024ರ ಜೂನ್‌ನಿಂದ ಅದರ ಶುಲ್ಕ 90 ಯೂರೊ, ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ವೀಸಾ ತಿರಸ್ಕಾರವಾದರೆ ಇದು ವಾಪಸ್ ಬರುವುದಿಲ್ಲ. ನಾಲ್ಕು ಜನ ಭಾರತೀಯ ಪಾಸ್‌ಪೋರ್ಟ್‌ನವರಿದ್ದರೆ ‘ಉಚಿತ’ ಸ್ಟಾಪ್‌ಓವರ್‌ಗೆ 360 ಯೂರೊ ಮೊದಲೇ ಹೋಯಿತು.

ಸಿಂಗಪುರಕ್ಕೂ ನಮಗೆ ವೀಸಾ ಬೇಕು. ಆದರೆ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಜಪಾನ್‌ನಂಥ ಕೆಲವು ದೇಶಗಳ ಚಾಲ್ತಿ ವೀಸಾ ಇದ್ದವರಿಗೆ ಷರತ್ತುಗಳೊಂದಿಗೆ 96 ಗಂಟೆಗಳ ವೀಸಾರಹಿತ ಟ್ರಾನ್ಸಿಟ್ ಇದೆ. ಸಿಡ್ನಿ ಪ್ರಯಾಣಕ್ಕೆ ಆಸ್ಟ್ರೇಲಿಯಾ ವೀಸಾ ಹೇಗೂ ಮಾಡಿಸಿರುತ್ತೀರಿ. ಹಾಗಾಗಿ ನಾಲ್ಕು ದಿನದೊಳಗಿನ ಸಿಂಗಪುರ ಸ್ಟಾಪ್‌ಓವರ್ ಭಾರತೀಯರಿಗೆ ಪ್ಯಾರಿಸ್‌ಗಿಂತ ಸಲೀಸು. ಲಂಡನ್‌ನಲ್ಲಿ ಇನ್ನೊಂದು ಖರ್ಚಿದೆ: 24 ಗಂಟೆ ಮೀರಿ ನಿಂತು ಅಲ್ಲಿಂದ ಮುಂದೆ ಹಾರಿದರೆ ಬ್ರಿಟನ್ನಿನ ಪ್ರಯಾಣಿಕ ತೆರಿಗೆ ಬೀಳುತ್ತದೆ, ಬಿಸಿನೆಸ್ ಕ್ಲಾಸ್‌ಗೆ ಇನ್ನೂ ಜಾಸ್ತಿ.

ಟಿಕೆಟ್ ಆದ ಮೇಲೆ ನೆನಪಿಡಬೇಕಾದ್ದು ಎರಡು. ಸ್ಟಾಪ್‌ಓವರ್ ಇದ್ದರೆ ಲಗೇಜ್ ಮಧ್ಯದ ಊರಲ್ಲೇ ಕೈಗೆ ಬರುತ್ತದೆ, ಅಜ್ಜಿಯ ಉಪ್ಪಿನಕಾಯಿ ಅಲ್ಲಿನ ಕಸ್ಟಮ್ಸ್ ದಾಟಬೇಕು. ಮತ್ತೆ, ಒಂದೇ ಟಿಕೆಟ್ ಆದ್ದರಿಂದ ಮಧ್ಯದ ಒಂದು ಹಾರಾಟ ತಪ್ಪಿಸಿದರೆ ಮುಂದಿನವೆಲ್ಲ ತಾನಾಗಿ ರದ್ದಾಗುತ್ತವೆ. ವೀಸಾ ಸಿಗಲಿಲ್ಲ, ಪ್ಲಾನ್ ಬದಲಾಯಿತು ಅಂದರೆ ಹೊರಡುವ ಮೊದಲೇ ಫೋನ್ ಮಾಡಿ ದಿನಾಂಕ ಬದಲಿಸಿಕೊಳ್ಳಿ.