ನಕ್ಷೆಯೂ ಬಾಗಿಲೂ

ಬಗದಲ್, ಭಾಲ್ಕಿ, ಔರಾದ್ ಕಡೆಗಳಿಂದ ಬೀದರಕ್ಕೆ ಬರುವ ಅನೇಕರು ಮಹಮೂದ್ ಗವಾನನ ಮದರಸಾವನ್ನು ಕಂಡಿರುತ್ತಾರೆ. ಅದರ ನಕ್ಷೆಯನ್ನು ಕಂಡವರು ವಿರಳ. ಸಾರ್ವಜನಿಕ ಕಟ್ಟಡವೊಂದರ ನಕ್ಷೆಯನ್ನು ಓದಬಲ್ಲವನಿಗೆ, ಆ ಕಾಲದ ಸಮಾಜವು ಯಾವುದಕ್ಕೆ ಮನ್ನಣೆ ನೀಡಿತ್ತು, ಯಾರಿಗೆ ಬಾಗಿಲು ತೆರೆದಿತ್ತು ಎಂಬುದು ಗೋಚರವಾಗುತ್ತದೆ.

ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನನು 1472ರಲ್ಲಿ ಈ ವಿದ್ಯಾಲಯವನ್ನು ಪೂರ್ಣಗೊಳಿಸಿದನು. ನಡುವೆ ವಿಶಾಲವಾದ ಅಂಗಳ. ಸುತ್ತಲೂ ಮೂರು ಅಂತಸ್ತುಗಳಲ್ಲಿ ಪಾಠದ ಕೋಣೆಗಳು, ಗ್ರಂಥಾಲಯ, ಮಸೀದಿ, ಗುರುಶಿಷ್ಯರ ವಸತಿ. ರಾಜಧಾನಿಯ ನಡುವೆ ವಿದ್ಯೆಗೆ ಇಷ್ಟು ದೊಡ್ಡ ಎಡೆ ದೊರೆತುದು ಸಾಮಾನ್ಯವಲ್ಲ. ಆದರೂ ಅಲ್ಲಿನ ವಿದ್ಯೆಯ ಭಾಷೆಗಳು ಅರಬ್ಬಿ ಮತ್ತು ಪಾರಸಿ; ಸುತ್ತಣ ಹಳ್ಳಿಯ ಒಕ್ಕಲಿಗನಿಗೆ ಆ ಬಾಗಿಲು ದೂರವೇ ಆಗಿತ್ತು.

1657ರಲ್ಲಿ ಬೀದರವು ಔರಂಗಜೇಬನ ವಶವಾಯಿತು. ಗ್ರಂಥಗಳಿದ್ದ ಕಟ್ಟಡದಲ್ಲಿ ಸೈನ್ಯದ ಮದ್ದು ತುಂಬಿತು. 1696ರಲ್ಲಿ ಆ ಮದ್ದು ಸಿಡಿದು ಮುಂಭಾಗದ ಬಹುಪಾಲು ಉರುಳಿತು. ಆಳುವವರ ಆದ್ಯತೆ ಬದಲಾದರೆ ಕಟ್ಟಡದ ಹಣೆಬರಹವೂ ಬದಲಾಗುವುದಕ್ಕೆ ಇದೊಂದು ನಿದರ್ಶನ. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರು ಬೀದರದ ಸ್ಮಾರಕಗಳನ್ನು ಕುರಿತು 1947ರಲ್ಲಿ ಹೊರತಂದ ಬೃಹದ್ಗ್ರಂಥದಿಂದ ಈ ಕಟ್ಟಡದ ವಿನ್ಯಾಸವನ್ನು ಇಂದಿಗೂ ಅರಿಯಬಹುದು.

ಆದರೆ ನಕ್ಷೆಯು ಎಲ್ಲವನ್ನೂ ಹೇಳಲಾರದು. ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ಆಡಳಿತದ ಮತ್ತು ಶಿಕ್ಷಣದ ಭಾಷೆಯಾಗಿದ್ದಾಗ, ಭಾಲ್ಕಿ ಹಿರೇಮಠದ ಪರಮಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ಈ ಸೀಮೆಯಲ್ಲಿ ಮನೆಮಾತಾಗಿದೆ. ಅಲ್ಲಿ ಗೋಡೆಗಳ ಅಳತೆ ಮುಖ್ಯವಾಗಲಿಲ್ಲ. ಹಳ್ಳಿಯ ಮಗುವಿಗೆ ತನ್ನ ನುಡಿಯಲ್ಲಿಯೇ ವಿದ್ಯೆಯ ಬಾಗಿಲು ತೆರೆಯಿತು. ಗವಾನನ ಭವ್ಯ ಸೌಧದಲ್ಲಿ ದೊರೆಯದುದು ಮಠದ ಸಾದಾ ಸೂರಿನಡಿಯಲ್ಲಿ ದೊರೆಯಿತು.

ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪದ ನಕ್ಷೆ ನಮಗೆ ಉಳಿದು ಬಂದಿಲ್ಲ. ಉಳಿದುದು ಅಲ್ಲಿ ಕೂಡಿದವರ ನೆನಪು: ಅಂಬಿಗ, ಮಡಿವಾಳ, ಮಾದಾರ, ಸೂಳೆಯೆನಿಸಿಕೊಂಡವಳು, ಅರಸುತನವನ್ನು ತೊರೆದವಳು. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿದ್ದಿತು. 770 ಅಮರಗಣಂಗಳ ಸ್ಮರಣೆಗಾಗಿ ಅದರ ನಕ್ಷೆಯಲ್ಲಿ 770 ಕಂಬಗಳಿವೆ. ಕಂಬಗಳನ್ನು ಶಿಲ್ಪಿಗಳು ನಿಲ್ಲಿಸಬಲ್ಲರು. ಬಾಗಿಲನ್ನು ಎಲ್ಲರಿಗೂ ತೆರೆದಿಡುವ ಕಾಯಕ ಮಾತ್ರ ನಮ್ಮೆಲ್ಲರದು.